ಜಿಡ್ಡೂ ಇದೆ, ಬಾಯಾರಿಕೆಯೂ ಇದೆ

ಏಪ್ರಿಲ್ ಬಿಸಿಲಿನಲ್ಲಿ ಮೆಟ್ರಿ ಊರಿನ ಹೊಲದಿಂದ ಮನೆಗೆ ಬಂದವರ ಹಣೆ, ಮೂಗು ಫಳಫಳ ಹೊಳೆಯುತ್ತಿರುತ್ತವೆ. ‘ನಂದು ಎಣ್ಣೆ ಮಕ’ ಎಂದುಕೊಂಡು ಸೋಪು ಹಚ್ಚಿ ಉಜ್ಜುತ್ತಾರೆ. ಸಂಜೆಗೆ ಇನ್ನೊಮ್ಮೆ. ರಾತ್ರಿ ನೋಡಿದರೆ ಕೆನ್ನೆ ಬಿಗಿದು ಚುರುಚುರು ಎನ್ನುತ್ತದೆ. ಎಣ್ಣೆ ಮುಖ ಯಾಕೆ ಉರಿಯಬೇಕು?

ಚರ್ಮದ ಲೆಕ್ಕದಲ್ಲಿ ಎಣ್ಣೆ ಬೇರೆ, ನೀರು ಬೇರೆ. ಜಿಡ್ಡು ಬರುವುದು ಮೇದೋಗ್ರಂಥಿಗಳಿಂದ. ಹಣೆ, ಮೂಗು, ಗದ್ದದಲ್ಲಿ ಅವು ಒತ್ತಾಗಿವೆ, ಕೆನ್ನೆಯಲ್ಲಿ ವಿರಳ. ನೀರನ್ನು ಹಿಡಿದಿಡುವ ಕೆಲಸ ತೀರಾ ಮೇಲಿನ ಪದರದ್ದು. ಅಲ್ಲಿ ಸತ್ತ ಕೋಶಗಳು ಇಟ್ಟಿಗೆಯಂತೆ ಕೂತಿರುತ್ತವೆ, ಅವುಗಳ ನಡುವೆ ಕೊಬ್ಬಿನ ಗಾರೆ. ಹಂಪಿಯ ಕೋಟೆಗೋಡೆಯ ಕಲ್ಲುಗಳು ಗಾರೆಯಿಲ್ಲದೆಯೂ ನಿಂತಿವೆ. ಚರ್ಮಕ್ಕೆ ಆ ಶಕ್ತಿಯಿಲ್ಲ. ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 5, ಮಾಮೂಲಿ ಸೋಪಿನದು 9ರಿಂದ 10. ಪದೇ ಪದೇ ಸೋಪು ತಾಗಿದರೆ ಗಾರೆ ಸವೆದು, ಒಳಗಿನ ನೀರು ಒಣಗಾಳಿಗೆ ಆರಿಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪಿನ ಅಂಟು ಮುಖದ ಮೇಲೇ ಉಳಿಯುತ್ತದೆ. ಮೇಲೆ ಜಿಡ್ಡು, ಕೆಳಗೆ ಬಾಯಾರಿಕೆ: ನಮ್ಮ ಬಿಸಿಲು ಸೀಮೆಯಲ್ಲಿ ಇಂಥ ಮುಖವನ್ನು ಎಣ್ಣೆ ಮುಖವೆಂದೇ ತಪ್ಪು ತಿಳಿಯುತ್ತೇವೆ.

ಹಾಗಾಗಿ ಬೆವರಿ ಬಂದಾಗ ಕನ್ನಡಿ ನೋಡಿ ತೀರ್ಮಾನಿಸಬೇಡಿ. ಬಿಡುವಿನ ದಿನ ಮೃದುವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಒತ್ತಿ ಒರೆಸಿ, ಏನೂ ಹಚ್ಚದೆ ಒಂದು ಗಂಟೆ ನೆರಳಲ್ಲಿರಿ. ಆಮೇಲೆ ತೆಳು ಕಾಗದ ಒತ್ತಿ. ಎಲ್ಲ ಕಡೆ ಎಣ್ಣೆ ಕಲೆ ಬಿದ್ದರೆ ಜಿಡ್ಡಿನ ಚರ್ಮ. ಹಣೆ-ಮೂಗಿನಲ್ಲಿ ಮಾತ್ರವಾದರೆ ಮಿಶ್ರ. ಕಲೆಯಿಲ್ಲದೆ ಮುಖ ಬಿಗಿದರೆ ಒಣ, ಹಾಯಾಗಿದ್ದರೆ ಸಾಮಾನ್ಯ. ಏನು ಹಚ್ಚಿದರೂ ಉರಿಯುವ ಸೂಕ್ಷ್ಮ ಚರ್ಮ ಇವುಗಳಲ್ಲಿ ಯಾವುದರ ಜೊತೆಗೂ ಇರಬಹುದು. ಇದೇ ಪರೀಕ್ಷೆಯನ್ನು ಡಿಸೆಂಬರಿನಲ್ಲಿ ಮತ್ತೆ ಮಾಡಿ, ಉತ್ತರ ಬದಲಾಗಿರಬಹುದು.

ಆರೈಕೆಗೆ ದುಡ್ಡು ಸುರಿಯಬೇಕಿಲ್ಲ. ಸೋಪಿನ ಬದಲು ಮೃದುವಾದ ಫೇಸ್‌ವಾಶ್‌ನಿಂದ ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಒಣ ಚರ್ಮದವರು ಮುಖ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಲಿ; ಜಿಡ್ಡಿನವರಿಗೂ ಅದು ಬೇಕು, ಆದರೆ ಜೆಲ್ ರೂಪದ ಹಗುರವಾದದ್ದು. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಓಡಾಡುವವರು ಕೆಂಪು ಧೂಳನ್ನು ಮೊದಲು ಬರೀ ನೀರಿನಲ್ಲಿ ಇಳಿಸಲಿ, ಒಣಗಿದ ಮುಖವನ್ನು ಟವೆಲ್ಲಿನಿಂದ ತಿಕ್ಕುವುದು ಬೇಡ. ಕಡ್ಲೆಹಿಟ್ಟಿಗೆ ನಿಂಬೆರಸ ಹಿಂಡಿ ಹಚ್ಚುವುದನ್ನಂತೂ ಬಿಡಿ. ನಿಂಬೆರಸ ತೀರಾ ಹುಳಿ. ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂಥ ಕಪ್ಪು ಕಲೆಯೂ ಆಗಬಹುದು. ಬಿಸಿಲಿಗೆ ಸೆರಗು, ಟವೆಲ್ಲು ಒಳ್ಳೆಯ ಮರೆ. ಭಂಗು ಇರುವವರಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಕೂಡ ಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ‘ಬೆಳ್ಳಗಾಗುವ’ ಟ್ಯೂಬುಗಳು. ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಹಲವು ಕ್ರೀಮುಗಳನ್ನು ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಹಚ್ಚಿದ ಹೊಸದರಲ್ಲಿ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತವೆ, ಮೊಡವೆ ಏಳುತ್ತವೆ. ಬಿಟ್ಟರೆ ಮುಖ ಕೆಂಪಗೆ ಉರಿಯುತ್ತದೆ, ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಹಾಗಾಗಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಹೋಗುವಾಗ ಆ ಟ್ಯೂಬನ್ನೂ ಜೊತೆಗೆ ಒಯ್ಯಿರಿ.