ನಾಲ್ಕು ಸೆಕೆಂಡಿನ ಹಾಡಿನ ಬೆನ್ನು ಹತ್ತಿದವರು

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಐದಾರು ಕಂಠಗಳು ಒಟ್ಟಿಗೆ ರೇಡಿಯೊ ಕೇಂದ್ರದ ಹೆಸರು ಹಾಡುತ್ತವೆ. ನಾಲ್ಕೈದು ಸೆಕೆಂಡು, ಅಷ್ಟೇ. ಅಮೆರಿಕ, ಬ್ರಿಟನ್‌ಗಳಲ್ಲಿ ಈ ಜಿಂಗಲ್‌ಗಳನ್ನು ಜೀವಮಾನವಿಡೀ ಕೂಡಿಟ್ಟವರಿದ್ದಾರೆ. ಅವರು ಹೆಚ್ಚು ಹುಡುಕುವುದು ಡಲ್ಲಾಸ್ ನಗರದ ಪ್ಯಾಮ್ಸ್ ಸಂಸ್ಥೆಯ ಟೇಪುಗಳನ್ನು.

1951ರಲ್ಲಿ ಬಿಲ್ ಮೀಕ್ಸ್ ಕಟ್ಟಿದ ಸಂಸ್ಥೆಯದು. ಅಲ್ಲಿ ವಾದ್ಯಗಳ ಮಟ್ಟನ್ನು ಒಮ್ಮೆ ಮುದ್ರಿಸಿಟ್ಟುಕೊಂಡು, ಕೊಳ್ಳಲು ಬಂದ ಒಂದೊಂದು ಕೇಂದ್ರದ ಹೆಸರನ್ನೂ ಅದರ ಮೇಲೆ ಹೊಸದಾಗಿ ಹಾಡಿಸುತ್ತಿದ್ದರು. ನ್ಯೂಯಾರ್ಕಿನ ಡಬ್ಲ್ಯುಎಬಿಸಿಯಂಥ ದೊಡ್ಡ ಕೇಂದ್ರ ಬಳಸಿದ ಮಟ್ಟೇ ಯಾವುದೋ ಸಣ್ಣ ಊರಿನ ಹೆಸರು ಹೊತ್ತೂ ಸಿಗಬಹುದು. ಸಂಗ್ರಾಹಕರಿಗೆ ಆ ಸಣ್ಣ ಊರಿನದೇ ಹೆಚ್ಚು ಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸು ಸೋನೋವಾಕ್ಸ್ ಎಂಬ ಉಪಕರಣ ಬಳಸಿದ ಜಿಂಗಲ್‌ಗಳು. ಎರಡು ಪುಟ್ಟ ಸ್ಪೀಕರ್‌ಗಳನ್ನು ಕೊರಳಿಗೆ ಒತ್ತಿಕೊಂಡು ಗಾಯಕರು ದನಿ ಹೊರಡಿಸದೆ ತುಟಿ, ನಾಲಿಗೆ ಆಡಿಸಿದರೆ ವಾದ್ಯವೇ ಮಾತಾಡುತ್ತದೆ. ಕಂಪ್ಯೂಟರಿಗೆ ಮುಂಚಿನ ಈ ಚಮತ್ಕಾರ ಇಂದಿಗೂ ಕಿವಿಯನ್ನು ಹಿಡಿದು ನಿಲ್ಲಿಸುತ್ತದೆ.

ಇಂಗ್ಲೆಂಡಿನ ಕರಾವಳಿಯಾಚೆ ಹಡಗಿನಿಂದ ಪ್ರಸಾರ ಮಾಡುತ್ತಿದ್ದ ರೇಡಿಯೊ ಲಂಡನ್ ಕೂಡ ಪ್ಯಾಮ್ಸ್ ಜಿಂಗಲ್‌ಗಳನ್ನು ಹಾಕುತ್ತಿತ್ತು. 1967ರ ಆಗಸ್ಟ್‌ನಲ್ಲಿ ಅದು ಬಾಯಿ ಮುಚ್ಚಿತು. ಮರುತಿಂಗಳ 30ರಂದು ಶುರುವಾದ ಬಿಬಿಸಿ ರೇಡಿಯೊ 1 ತನ್ನ ಹೆಸರು ಹಾಡಿಸಿಕೊಂಡದ್ದೂ ಪ್ಯಾಮ್ಸ್‌ನಲ್ಲೇ.

ರೇಡಿಯೊದಿಂದ ನೇರ ಹಿಡಿದ ಧ್ವನಿಮುದ್ರಿಕೆಯಲ್ಲಿ ನಿರೂಪಕರ ಮಾತು ಜಿಂಗಲ್ಲಿನ ಮೇಲೆ ಬಿದ್ದಿರುತ್ತದೆ. ನಕಲಿನಿಂದ ನಕಲಿಗೆ ಹಿನ್ನೆಲೆಯ ಸುಯ್‌ಗುಟ್ಟುವಿಕೆ ಏರುತ್ತದೆ. ಹಾಗಾಗಿ ಸ್ಟುಡಿಯೊದ ಮೂಲ ರೀಲಿಗೆ ಎಷ್ಟು ಹತ್ತಿರವೋ ಅಷ್ಟು ಬೆಲೆ. ಕೇಂದ್ರದ ಹೆಸರೋ ಒಡೆಯರೋ ಬದಲಾದಾಗ ಹಳೆಯ ರೀಲುಗಳು ಕಸದ ಬುಟ್ಟಿ ಸೇರಿದ್ದುಂಟು. ಕೇಂದ್ರಗಳೇ ಎಸೆದ ತಮ್ಮ ಚರಿತ್ರೆಯನ್ನು ಈ ಹವ್ಯಾಸಿಗಳು ಉಳಿಸಿದ್ದಾರೆ. ಇದನ್ನು ಹುಚ್ಚು ಎನ್ನಲು ನನಗೆ ಮನಸ್ಸಿಲ್ಲ. ಪ್ಯಾಮ್ಸ್‌ಗೂ ಒಬ್ಬ ವಾರಸುದಾರರು ಸಿಕ್ಕರು: ಅಲ್ಲಿ ದುಡಿದಿದ್ದ ಜಾನ್ ವುಲ್ಫರ್ಟ್ 1974ರಲ್ಲಿ ಡಲ್ಲಾಸ್‌ನಲ್ಲೇ ಜ್ಯಾಮ್ ಎಂಬ ಜಿಂಗಲ್ ಸಂಸ್ಥೆ ತೆರೆದರು. ಮುಂದೆ ಪ್ಯಾಮ್ಸ್‌ನ ಹಕ್ಕುಗಳೂ ಅವರ ಕೈಸೇರಿದವು.

ಟೇಪು ಸಿಕ್ಕರೂ ಕೆಲಸ ಮುಗಿಯದು. ಎಪ್ಪತ್ತು, ಎಂಬತ್ತರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಲೇಪನ ಕಿತ್ತುಬರುತ್ತದೆ. ಅಂಥವನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಆಮೇಲೆ ಅವು ಕೆಲವು ವಾರ ಸಲೀಸಾಗಿ ಓಡುತ್ತವೆ. ಡಿಜಿಟಲ್ ಪ್ರತಿ ಅಷ್ಟರೊಳಗೆ ಆಗಬೇಕು.