ಯಾರೊಡನೆ ವ್ಯಾಪಾರ?

ಸರಕು ಚೆನ್ನಾಗಿದ್ದು ಬೆಲೆ ಅಗ್ಗವಾಗಿದ್ದರೆ ಸಾಕು, ಮಾರುವವನ ನಡತೆ ಎಂಥದಾದರೇನು ಎಂಬುದು ಲೋಕರೂಢಿಯ ಮಾತು. ಈ ರೂಢಿಯನ್ನು ಒಪ್ಪದೆ, ಕೊಳ್ಳುವವನ ಬಾಳನ್ನೂ ಮಾರುವವನ ಬಾಳನ್ನೂ ಹಸನುಗೊಳಿಸುವ ವ್ಯವಹಾರವನ್ನು ಮಾತ್ರ ಮಾಡಬೇಕೆಂದು ಬಗೆದವರಲ್ಲಿ ಇಂಗ್ಲೆಂಡಿನ ಕ್ವೇಕರರು ಪ್ರಮುಖರು.

ಇವರದು 17ನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸನ ಬೋಧನೆಯಿಂದ ಹುಟ್ಟಿದ ಕ್ರೈಸ್ತ ಪಂಥ. ಆಡುವ ಮಾತೆಲ್ಲ ಸತ್ಯವಾಗಿರಬೇಕಾದಾಗ ಬೇರೆ ಪ್ರಮಾಣವೇಕೆ ಎಂದು ಅವರು ಪ್ರಮಾಣವಚನವನ್ನೇ ಸ್ವೀಕರಿಸುತ್ತಿರಲಿಲ್ಲ. ಆದುದರಿಂದ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಪದವಿಗಳು ಅವರಿಗೆ ಬಹುಕಾಲ ದೊರೆಯಲಿಲ್ಲ, ಅನೇಕರು ವ್ಯಾಪಾರಕ್ಕಿಳಿದರು. ಚೌಕಾಸಿಯೂ ಒಂದು ಬಗೆಯ ಸುಳ್ಳೆಂದು ತಿಳಿದು ಸರಕಿಗೆ ಒಂದೇ ಬೆಲೆ ಹೇಳಿದರು. ಚಿಕ್ಕ ಮಗುವನ್ನು ಕಳುಹಿಸಿದರೂ ಇವರ ಅಂಗಡಿಯಲ್ಲಿ ಮೋಸವಾಗದೆಂದು ಜನ ನಂಬಿದರು. ಗುಲಾಮರ ವ್ಯಾಪಾರ ಮಾಡುವವರನ್ನು ಪಂಥದಿಂದ ಹೊರಹಾಕಬೇಕೆಂದು ಲಂಡನ್ನಿನ ವಾರ್ಷಿಕ ಸಭೆ 1761ರಲ್ಲಿಯೇ ನಿರ್ಧರಿಸಿತು.

ಈ ಪಂಥದ ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಅಂಗಡಿ ತೆರೆದು ಚಹ, ಕಾಫಿಗಳೊಡನೆ ಕೋಕೋ ಮಾರತೊಡಗಿದನು. ಮದ್ಯವು ಬಡವರ ಮನೆಗಳನ್ನು ಹಾಳುಮಾಡುತ್ತಿದ್ದ ಕಾಲವದು. ಅದಕ್ಕೆ ಬದಲಾಗಿ ಹಿತವಾದ ಪಾನೀಯವೊಂದು ಜನರಿಗೆ ದೊರೆಯಲೆಂಬುದು ಅವನ ಆಶಯ. ಮಕ್ಕಳ ಕಾಲದಲ್ಲಿ ಉದ್ಯಮ ಬಹುವಾಗಿ ಬೆಳೆಯಿತು. ಕಾರ್ಖಾನೆಯ ಬಳಿ ಮನೆಗೊಂದು ಕೈತೋಟವಿದ್ದ ಬೋರ್ನ್‌ವಿಲ್ ಎಂಬ ಊರೂ ತಲೆಯೆತ್ತಿತು.

ಆದರೆ ಕಾರ್ಖಾನೆಗೆ ಬರುತ್ತಿದ್ದ ಕೋಕೋ ಬೀಜದ ದೊಡ್ಡ ಪಾಲು ಪೋರ್ಚುಗೀಸರ ಅಧೀನದಲ್ಲಿದ್ದ ಸಾವೊ ಟೋಮೆ ದ್ವೀಪದ್ದು. 1901ರಲ್ಲಿ ಜಾನನ ಮೊಮ್ಮಗ ವಿಲಿಯಂ ಕ್ಯಾಡ್ಬರಿಯ ಕಣ್ಣಿಗೆ ಮಾರಾಟಕ್ಕಿದ್ದ ತೋಟವೊಂದರ ಆಸ್ತಿಪಟ್ಟಿ ಬಿದ್ದಿತು. ಅದರಲ್ಲಿ ಇತರ ಸ್ವತ್ತುಗಳೊಡನೆ ಕೂಲಿಗಳಿಗೂ ಬೆಲೆ ಕಟ್ಟಲಾಗಿತ್ತು! ಕಾನೂನಿನ ಪ್ರಕಾರ ಗುಲಾಮಗಿರಿ ಅಳಿದಿತ್ತು. ಅಂಗೋಲದಿಂದ ತಂದವರು ಕರಾರಿನ ಕೂಲಿಗಳೆಂದು ಕಾಗದ ಹೇಳುತ್ತಿತ್ತು. ಆದರೆ ಅವರ ಕರಾರು ಮುಗಿಯುತ್ತಲೇ ಇರಲಿಲ್ಲ. ಊರಿಗೆ ಮರಳಿದವರನ್ನು ಕಾಣುವುದೇ ಅಪರೂಪವಾಗಿತ್ತು.

ಕ್ಯಾಡ್ಬರಿ ಸಂಸ್ಥೆ ಒಡನೆಯೇ ಖರೀದಿ ನಿಲ್ಲಿಸಲಿಲ್ಲ. ಗಿರಾಕಿಯಾಗಿ ಉಳಿದರೆ ಮಾತ್ರ ತೋಟದ ಒಡೆಯರು ತಮ್ಮ ಮಾತಿಗೆ ಕಿವಿಗೊಡುವರು, ಬಿಟ್ಟುಬಂದರೆ ಕೂಲಿಗಳ ಪರ ಕೇಳುವವರೇ ಇರರು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಲಾಭವೂ ಅದೇ ದಾರಿಯಲ್ಲಿದ್ದಾಗ ಇಂಥ ವಾದ ಸುಲಭವಾಗಿ ಒಪ್ಪಿಗೆಯಾಗುತ್ತದೆ. 1905ರಲ್ಲಿ ಜೋಸೆಫ್ ಬರ್ಟ್ ಎಂಬುವನನ್ನು ವಿಚಾರಣೆಗೆ ಕಳುಹಿಸಿದರು. ಅಷ್ಟರಲ್ಲಿ ಪತ್ರಕರ್ತ ಹೆನ್ರಿ ನೆವಿನ್‌ಸನ್ ಸ್ವತಃ ಅಂಗೋಲದಲ್ಲಿ ಸಂಚರಿಸಿ, ಇದು ಗುಲಾಮಗಿರಿಯೇ ಎಂದು 1906ರಲ್ಲಿ ಪುಸ್ತಕ ಬರೆದನು. ಬರ್ಟನ ವರದಿಯೂ ಅದನ್ನೇ ಹೇಳಿತು. ಖರೀದಿ ಮಾತ್ರ ನಡೆದೇ ಇತ್ತು.

1908ರಲ್ಲಿ 'ಸ್ಟ್ಯಾಂಡರ್ಡ್' ಪತ್ರಿಕೆ ಈ ಧರ್ಮಭೀರುಗಳ ಮೌನವನ್ನು ಹಂಗಿಸಿತು. ಕ್ಯಾಡ್ಬರಿಯವರು ಮಾನನಷ್ಟದ ಮೊಕದ್ದಮೆ ಹೂಡಿದರು. ಆ ಬಳಿಕ ವಿಲಿಯಂ ತಾನೇ ಹೋಗಿ ನೋಡಿಬಂದನು. 1909ರ ಮಾರ್ಚಿಯಲ್ಲಿ ಕ್ಯಾಡ್ಬರಿ, ಫ್ರೈ, ರೌಂಟ್ರೀ ಎಂಬ ಮೂರು ಕ್ವೇಕರ್ ಸಂಸ್ಥೆಗಳೂ ಸಾವೊ ಟೋಮೆಯ ಕೋಕೋವನ್ನು ತೊರೆದವು. ವರ್ಷದ ಕೊನೆಯಲ್ಲಿ ಮೊಕದ್ದಮೆ ವಿಚಾರಣೆಗೆ ಬಂದಾಗ ಪತ್ರಿಕೆಯ ವಕೀಲ ಎಡ್ವರ್ಡ್ ಕಾರ್ಸನ್, ಆ ಎಂಟು ವರ್ಷಗಳಲ್ಲಿ ಸತ್ತ ಕೂಲಿಗಳ ಲೆಕ್ಕವೇನಾದರೂ ಇದೆಯೇ ಎಂದು ವಿಲಿಯಂನನ್ನು ಕೇಳಿದನು. ಲೆಕ್ಕವಿರಲಿಲ್ಲ. ಪಂಚರು ತೀರ್ಪನ್ನು ಕ್ಯಾಡ್ಬರಿಯವರ ಪರವಾಗಿಯೇ ಕೊಟ್ಟರು. ಪರಿಹಾರವನ್ನು ಮಾತ್ರ ಒಂದು ಫಾರ್ದಿಂಗ್ ಎಂದು ಗೊತ್ತುಮಾಡಿದರು. ಒಂದು ಪೌಂಡಿಗೆ 960 ಫಾರ್ದಿಂಗುಗಳು.

ಬೀಜಕ್ಕಾಗಿ ಸಂಸ್ಥೆ ಗೋಲ್ಡ್ ಕೋಸ್ಟಿನತ್ತ, ಎಂದರೆ ಇಂದಿನ ಘಾನಾದತ್ತ ತಿರುಗಿತು. ಅಲ್ಲಿ ಆಫ್ರಿಕದ ರೈತರು ತಮ್ಮ ನೆಲದಲ್ಲಿ ತಾವೇ ಕೋಕೋ ಬೆಳೆದು ಮಾರುತ್ತಿದ್ದರು. 1911ರ ಹೊತ್ತಿಗೆ ಕೋಕೋ ಉತ್ಪಾದನೆಯಲ್ಲಿ ಆ ನಾಡು ಜಗತ್ತಿಗೇ ಮೊದಲನೆಯದಾಯಿತು. ಸಾವೊ ಟೋಮೆಯ ಬೀಜವನ್ನು ಬೇರೆ ವ್ಯಾಪಾರಿಗಳು ಕೊಳ್ಳುತ್ತಲೇ ಇದ್ದರು.