ನಕ್ಷತ್ರದರ್ಶನೂ ಜೋಯಿಸನೂ

ಆಕಾಶವನ್ನು ನೋಡುವುದನ್ನೇ ಕಸುಬಾಗಿ ಉಳ್ಳವನಿಗೆ ಭಾರತೀಯ ವಾಙ್ಮಯದಲ್ಲಿ ಸಿಗುವ ಅತ್ಯಂತ ಹಳೆಯ ಹೆಸರುಗಳಲ್ಲಿ ‘ನಕ್ಷತ್ರದರ್ಶ’ ಎಂಬುದೊಂದು. ಶುಕ್ಲ ಯಜುರ್ವೇದದ 30ನೆಯ ಅಧ್ಯಾಯವು ಕುಂಬಾರ, ಕಮ್ಮಾರ ಮೊದಲಾದ ಕಸುಬುದಾರರ ನಡುವೆ ಅವನನ್ನೂ ಹೆಸರಿಸಿ, ಪ್ರಜ್ಞಾನದೊಡನೆ, ಅಂದರೆ ವಿಶೇಷವಾದ ಅರಿವಿನೊಡನೆ, ಜೋಡಿಸುತ್ತದೆ. ಎಣಿಸುವವನೆಂಬ ಅರ್ಥದ ‘ಗಣಕ’ನು ಅದೇ ಅಧ್ಯಾಯದಲ್ಲಿ ಬೇರೆಯಾಗಿಯೇ ಬರುವುದರಿಂದ, ನೋಡುವವನಿಗೂ ಲೆಕ್ಕ ಹಾಕುವವನಿಗೂ ಆಗ ಬೇರೆಬೇರೆ ಹೆಸರುಗಳಿದ್ದವೆಂದು ತಿಳಿಯುತ್ತದೆ.

ನೋಡುವ ಕೆಲಸ ಸುಲಭದ್ದಾಗಿರಲಿಲ್ಲ. ಸೂರ್ಯನು ಯಾವ ನಕ್ಷತ್ರದ ಬಳಿ ಇದ್ದಾನೆಂಬುದನ್ನು ಹಗಲಿನಲ್ಲಿ ಕಾಣಲಾಗದು. ಆದ್ದರಿಂದ ನಸುಕಿನಲ್ಲೇ ಎದ್ದು, ಬೆಳಕು ಹರಿದು ಚುಕ್ಕೆಗಳೆಲ್ಲ ಮಾಸುವ ಮೊದಲು, ಮೂಡಣ ದಿಗಂತದ ಮೇಲೆ ಕಟ್ಟಕಡೆಗೆ ಉಳಿದ ನಕ್ಷತ್ರವನ್ನು ಗುರುತಿಟ್ಟುಕೊಳ್ಳಬೇಕಾಗಿತ್ತು. ತೈತ್ತಿರೀಯ ಬ್ರಾಹ್ಮಣವು ಇಂತಹ ನಸುಕಿನ ವೀಕ್ಷಣೆಯನ್ನೇ ವಿಧಿಸುತ್ತದೆ.

ಕನ್ನಡಕ್ಕೆ ಬಳಕೆಯ ಮಾತಾಗಿ ಬಂದದ್ದು ‘ನಕ್ಷತ್ರದರ್ಶ’ ಎಂಬ ಪದವಲ್ಲ, ‘ಜೋಯಿಸ’. ಬೆಳಕು ಎಂಬ ಅರ್ಥದ ‘ಜ್ಯೋತಿಸ್’ ಶಬ್ದದಿಂದ ಹುಟ್ಟಿದ ಜ್ಯೋತಿಷ ಪದವು ಜನರ ಬಾಯಲ್ಲಿ ಒತ್ತಕ್ಷರವನ್ನು ಕಳೆದುಕೊಂಡು, ತಕಾರವನ್ನು ಯಕಾರವಾಗಿಸಿಕೊಂಡು ಈ ತದ್ಭವವಾಗಿದೆ; ಇಂದು ಅದು ಎಷ್ಟೋ ಮನೆತನಗಳ ಅಡ್ಡಹೆಸರೂ ಹೌದು. 1049ರಲ್ಲಿ ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಕನ್ನಡದಲ್ಲಿ ರಚಿಸುವ ಹೊತ್ತಿಗೆ ಜ್ಯೋತಿಷವೆಂದರೆ ಗಣಿತದ ಜೊತೆಗೆ ಫಲ ಹೇಳುವ ವಿದ್ಯೆಯೂ ಆಗಿತ್ತು. ಆದರೆ ಶಾಸ್ತ್ರವರಿಯದೆ ಫಲ ನುಡಿಯುವವನನ್ನು ಆ ಪರಂಪರೆಯೂ ಸಹಿಸಲಿಲ್ಲ: ವರಾಹಮಿಹಿರನ ‘ಬೃಹತ್ಸಂಹಿತೆ’ ಅಂಥವನನ್ನು ‘ನಕ್ಷತ್ರಸೂಚಕ’ನೆಂದು ಕರೆದು ಪಂಕ್ತಿಗೆಡಿಸುವವನೆಂದು ಖಂಡಿಸುತ್ತದೆ. ಇನ್ನು ಗಣಕನು ನಮ್ಮ ಕಾಲದಲ್ಲಿ ಗಣಕಯಂತ್ರವಾಗಿ ಮೇಜಿನ ಮೇಲೆ ಕುಳಿತಿದ್ದಾನೆ. ವೀಕ್ಷಣೆಯೂ ಲೆಕ್ಕವೂ ಖಗೋಳವಿಜ್ಞಾನಿಯ ಪಾಲಿಗೆ ಬಂದು, ಫಲ ಮಾತ್ರ ಜ್ಯೋತಿಷಿಯ ಬಳಿ ಉಳಿದಿರುವುದರಿಂದ ಇವೆರಡು ಪದಗಳನ್ನು ಬೆರೆಸಿ ಬಳಸುವುದು ತಪ್ಪು.

ಕಣ್ಣಾರೆ ನೋಡುವ ಅಭ್ಯಾಸವು ಎಷ್ಟು ಹಿಂದೆ ಸರಿದಿದೆಯೆಂಬುದನ್ನು ರೈತರು ಹೇಳುವ ಮಳೆಗಳ ಹೆಸರುಗಳೇ ತೋರಿಸುತ್ತವೆ. ಸೂರ್ಯನ ದಾರಿಯನ್ನು 27 ನಕ್ಷತ್ರಗಳಿಗೆ ಹಂಚಿದಾಗ ಒಂದೊಂದಕ್ಕೆ 13ರಿಂದ 14 ದಿನ ಬರುತ್ತದೆ. ಮೇ ಕೊನೆಯಲ್ಲಿ ಸೂರ್ಯನು ರೋಹಿಣಿಯನ್ನು ಸೇರಿದಾಗ ಬೀಳುವುದು ರೋಹಿಣಿ ಮಳೆ. ಸೂರ್ಯನ ಮಗ್ಗುಲಲ್ಲೇ ಇರುವ ಕಾರಣ ಆ ದಿನಗಳಲ್ಲಿ ರೋಹಿಣಿ ಕಣ್ಣಿಗೆ ಬೀಳುವುದೇ ಇಲ್ಲವೆಂಬುದು ಪಂಚಾಂಗ ನೋಡಿ ಬಿತ್ತನೆಗೆ ಇಳಿಯುವವರಲ್ಲಿ ಹೆಚ್ಚಿನವರಿಗೆ ಹೊಳೆದಿರಲಾರದು. ಅದನ್ನು ಕಾಣಬೇಕಾದವರು ಆರಿದ್ರಾ ಮಳೆಯೂ ಕಳೆಯುವವರೆಗೆ ಕಾದು, ಮೋಡ ಚದುರಿದ ಒಂದು ನಸುಕಿನಲ್ಲಿ ಮೂಡಣಕ್ಕೆ ಮುಖಮಾಡಿ ನಿಂತರೆ, ಕೃತ್ತಿಕೆಯ ಗೊಂಚಲಿನ ಕೆಳಗೆ ಕೆಂಪನೆಯ ಒಂಟಿ ಚುಕ್ಕೆಯಾಗಿ ರೋಹಿಣಿ ಮೇಲೇರುತ್ತಿರುತ್ತದೆ.